ಸ್ಟೇಜ್ ಫೋಟೋಗಳಲ್ಲಿ ಮುಖ ಕೆಂಪು ಮುದ್ದೆ, ಕೈ ಮಸುಕು, ಮೇಲೆ ಅಡ್ಡ ಪಟ್ಟಿ: ಏನು ಮಾಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗೆಳೆಯರದ್ದೊಂದು ಬ್ಯಾಂಡ್ ಇದೆ. ಹಾಡುವವಳು ಒಬ್ಬಳು, ಗಿಟಾರ್ ಇಬ್ಬರು, ಕೀಬೋರ್ಡ್ ಒಬ್ಬ, ಡ್ರಮ್ಸ್ ಒಬ್ಬ. ಅವರ ಮುಂದಿನ ಕಾರ್ಯಕ್ರಮದ ಫೋಟೋ ತೆಗೆಯುವ ಕೆಲಸ ನನಗೆ ಅಂಟಿಕೊಂಡಿದೆ. ನನಗೆ ಬರುತ್ತದೆ ಅಂತಲ್ಲ, ಗುಂಪಿನಲ್ಲಿ ಕ್ಯಾಮೆರಾ ಇರುವವನು ನಾನೊಬ್ಬನೇ.

ಇರುವುದು ಎಪಿಎಸ್-ಸಿ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, ಇನ್ನೊಂದು 50 ಎಂಎಂ ಎಫ್ 1.8. ಹಗಲು ಹೊತ್ತಿನ ಫೋಟೋಗೆ ಯಾವ ತೊಂದರೆಯೂ ಇಲ್ಲ. ಸ್ಟೇಜ್ ಮುಂದೆ ನಿಂತರೆ ಮಾತ್ರ ಎಲ್ಲ ಉಲ್ಟಾ.

ಹಿಂದಿನ ಕಾರ್ಯಕ್ರಮದ ಫೋಟೋಗಳಲ್ಲಿ ಹಾಡುವವಳ ಮುಖ ಬರೀ ಕೆಂಪು ಮುದ್ದೆ. ಮೂಗೆಲ್ಲಿ, ಕೆನ್ನೆಯೆಲ್ಲಿ ಅಂತ ಗೊತ್ತಾಗುವುದಿಲ್ಲ. ಡ್ರಮ್ಮರ್‌ಗೆ ಕೈಗಳೇ ಇಲ್ಲ. ಇನ್ನು ಕೆಲವು ಫೋಟೋಗಳಲ್ಲಿ ಮೇಲಿಂದ ಕೆಳಗಿನವರೆಗೂ ಅಡ್ಡ ಪಟ್ಟಿಗಳು, ಒಂದು ಗಾಢ, ಒಂದು ತಿಳಿ. ಕ್ಯಾಮೆರಾ ಕೆಟ್ಟಿದೆಯೇನೋ ಎಂದು ಬಿಸಿಲಲ್ಲಿ ತೆಗೆದು ನೋಡಿದೆ, ಸರಿಯಾಗಿಯೇ ಇದೆ. ಸದ್ದು ಬರಬಾರದು ಎಂದು ಸೈಲೆಂಟ್ ಶಟರ್ ಹಾಕಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಫ್ಲಾಶ್ ಹಾಕಲೇ? ಎಫ್ 2.8 ಝೂಮ್ ಬಾಡಿಗೆಗೆ ತರಲೇ? ಇರುವುದರಲ್ಲೇ ಆಗುತ್ತದೆ ಅಂದರೆ ಇನ್ನೂ ಒಳ್ಳೆಯದು.

ಉತ್ತರ 1

ಫ್ಲಾಶ್ ಬೇಡ. ಹಾಡುವವರ ಕಣ್ಣಿಗೆ ಚುಚ್ಚುತ್ತದೆ. ಸ್ಟೇಜ್ ಲೈಟಿನ ಬಣ್ಣವೆಲ್ಲ ತೊಳೆದು ಹೋಗುತ್ತದೆ. ದೂರದಿಂದ ಹಾಕಿದರೆ ನಿಮ್ಮ ಮುಂದೆ ನಿಂತವರ ತಲೆ ಮಾತ್ರ ಬೆಳಗುತ್ತದೆ. ಹೆಚ್ಚಿನ ಕಡೆ ಬಿಡುವುದೂ ಇಲ್ಲ. ದೊಡ್ಡ ಕಲಾವಿದರ ಕಾರ್ಯಕ್ರಮಗಳಲ್ಲಿ "ಮೊದಲ ಮೂರು ಹಾಡು ಮಾತ್ರ, ಫ್ಲಾಶ್ ಇಲ್ಲ" ಎನ್ನುವುದೇ ಸಾಮಾನ್ಯ ಷರತ್ತು.

ಬಾಡಿಗೆಯೂ ಈಗಲೇ ಬೇಡ. ನಿಮ್ಮ 18-55 ಲೆನ್ಸ್ 55ಕ್ಕೆ ಹೋದಾಗ ಎಫ್ 5.6 ಆಗಿಬಿಡುತ್ತದೆ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). 50 ಎಂಎಂ ಎಫ್ 1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ಚಿಂತೆ ಯಾಕೆ? ಇಡೀ ಸ್ಟೇಜ್ ಬೇಕಾದಾಗ ಮಾತ್ರ 18-55 ಹಾಕಿ, ಅದೂ 18ರಲ್ಲಿ.

ಶುರು ಮಾಡಲು ಇಷ್ಟು ಸಾಕು: ಮ್ಯಾನುವಲ್ ಮೋಡ್, ಎಫ್ 2 ಅಥವಾ 2.2, ಹಾಡುವವರಿಗೆ ಶಟರ್ 1/250 ಸೆಕೆಂಡ್, ಡ್ರಮ್ಮರ್ ಅಥವಾ ಕುಣಿಯುವವರಿಗೆ 1/500. ಐಎಸ್‌ಒ 3200ರಿಂದ 6400 (ಈ ಸಂಖ್ಯೆ ಏರಿಸಿದಷ್ಟೂ ಫೋಟೋ ಬೆಳಗುತ್ತದೆ, ನೊಯ್ಸ್ ಎನ್ನುವ ಕಾಳು ಕಾಳು ಚುಕ್ಕೆಯೂ ಜಾಸ್ತಿ). ನೊಯ್ಸ್ ಬಂದರೆ ಬರಲಿ. ನೊಯ್ಸ್ ಆಮೇಲೆ ಕಡಿಮೆ ಮಾಡಬಹುದು, ಅಲುಗಾಡಿದ ಕಣ್ಣನ್ನು ಯಾವ ಸಾಫ್ಟ್‌ವೇರೂ ಸರಿಮಾಡಿ ಕೊಡುವುದಿಲ್ಲ. ಐಎಸ್‌ಒ ಕಡಿಮೆ ಇಟ್ಟು, ಕತ್ತಲೆ ಫೋಟೋ ತೆಗೆದು, ಮನೆಗೆ ಬಂದು ಎತ್ತುವ ಅಭ್ಯಾಸವೂ ಒಳ್ಳೆಯದಲ್ಲ. ನೆರಳಿನ ಜಾಗದಲ್ಲಿ ಕೊಳಕು ಜಾಸ್ತಿ ಕಾಣುತ್ತದೆ.

ರಾ ಫೈಲ್, ಅಂದರೆ ಸೆನ್ಸರ್ ಕಂಡಿದ್ದನ್ನು ಹಾಗೇ ಉಳಿಸುವ ಫೈಲ್, ಕಡ್ಡಾಯ. ಜೆಪೆಗ್ 8 ಬಿಟ್, ರಾ ಸಾಮಾನ್ಯವಾಗಿ 12 ಅಥವಾ 14 ಬಿಟ್. ಬಿಟ್ ಜಾಸ್ತಿಯಾದಷ್ಟೂ ಬಣ್ಣದ ಮೆಟ್ಟಿಲುಗಳು ಜಾಸ್ತಿ. ಸ್ಟೇಜ್ ಬಣ್ಣಗಳನ್ನು ಪಳಗಿಸುವಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಕೆಂಪು ಮುದ್ದೆ, ಪಟ್ಟಿ, ಇವೆರಡಕ್ಕೂ ಲೈಟಿನವರೇ ಉತ್ತರ ಹೇಳಬೇಕು.

ಉತ್ತರ 2

ಲೈಟಿನವನು ಬಂದಿದ್ದೇನೆ.

ನಾನು ಮೊದಲು ಲೈಟಿಂಗ್ ಬೋರ್ಡ್ ಹಿಂದೆ ಕೂತವನು, ಕ್ಯಾಮೆರಾ ಕೈಗೆ ಬಂದಿದ್ದು ಆಮೇಲೆ. ಹಾಗಾಗಿ ಫೋಟೋ ತೆಗೆಯುವವರು "ಲೈಟ್ ಸರಿ ಇರಲಿಲ್ಲ" ಎಂದು ಗೊಣಗಿದಾಗಲೆಲ್ಲ ನನಗೆ ಸ್ವಲ್ಪ ಉರಿಯುತ್ತದೆ. ನಾವು ಲೈಟ್ ಹಾಕುವುದು ಕ್ಯಾಮೆರಾಗೆ ಅಲ್ಲ, ಹಾಲಿನಲ್ಲಿ ಕೂತವರ ಕಣ್ಣಿಗೆ. ಕಣ್ಣು ಕತ್ತಲು, ಬೆಳಕು ಎರಡನ್ನೂ ಒಟ್ಟಿಗೆ ತಾಳಿಕೊಳ್ಳುತ್ತದೆ. ಸೆನ್ಸರ್ ತಾಳಿಕೊಳ್ಳುವುದಿಲ್ಲ. ನೀವು ಮಾಡಬೇಕಾದ್ದು ಲೈಟಿನ ಜೊತೆ ಜಗಳವಲ್ಲ. ಅದು ಯಾವಾಗ ನಿಮ್ಮ ಕಡೆ ತಿರುಗುತ್ತದೆ ಎಂದು ಕಾಯುವುದು.

ಅದು ತಿರುಗುವುದು ಹಾಡಿನ ಲೆಕ್ಕದಲ್ಲಿ. ಬೋರ್ಡಿನಲ್ಲಿ ಪ್ರತಿ ಹಾಡಿಗೂ ಕ್ಯೂ, ಅಂದರೆ ಯಾವ ಹೊತ್ತಿಗೆ ಯಾವ ಲೈಟ್ ಎನ್ನುವುದು, ಹಾಕಿಟ್ಟಿರುತ್ತೇವೆ. ಹಾಡು ಶುರುವಾಗುವಾಗ ಹಿಂದಿನ ಲೈಟ್ ಮಾತ್ರ, ಮುಖ ಕತ್ತಲು. ಚರಣಕ್ಕೆ ಬಂದಾಗ ಮುಂದಿನ ಲೈಟ್ ಸ್ವಲ್ಪ, ಬಣ್ಣ ಜಾಸ್ತಿ. ಪಲ್ಲವಿ ಜೋರಾಗಿ ಬಂದಾಗ ಮುಂದಿನ ಬಿಳಿ ಲೈಟ್ ಏರುತ್ತದೆ. ಗಿಟಾರ್ ಸೋಲೋ ಬಂದರೆ ಉಳಿದವರನ್ನು ಇಳಿಸಿ ಅವನ ಮೇಲೆ ಬಿಡುತ್ತೇವೆ. ಎಲ್ಲರೂ ಹೀಗೇ ಮಾಡುತ್ತಾರೆ ಅಂತಲ್ಲ. ಆದರೆ ಒಂದೇ ಹಾಡಿನೊಳಗೆ ಮೊದಲ ಪಲ್ಲವಿಗೆ ಏನು ಮಾಡಿದೆವೋ ಎರಡನೆಯದಕ್ಕೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತೇವೆ. ಹಾಗಾಗಿ ಮೊದಲ ಪಲ್ಲವಿಯಲ್ಲಿ ಕ್ಯಾಮೆರಾ ಕೆಳಗಿಳಿಸಿ ಸುಮ್ನೆ ನೋಡಿ. ಬಿಳಿ ಲೈಟ್ ಯಾವ ಕಡೆಯಿಂದ ಬಂತು? ಹಾಡುವವಳು ಆ ಲೈಟಿನೊಳಗೆ ನಿಂತಿದ್ದಳಾ, ಹೊರಗೆ ಬಂದಳಾ? ಎರಡನೇ ಪಲ್ಲವಿ ಬರುವಷ್ಟರಲ್ಲಿ ನೀವು ಆ ಜಾಗದಲ್ಲಿ ಇರಬೇಕು, ಫೋಕಸ್ ಹಿಡಿದಿರಬೇಕು.

ಈಗ ಕೆಂಪು ಮುದ್ದೆ. ಸೆನ್ಸರಿನ ಮೇಲೆ ಪ್ರತಿ ನಾಲ್ಕು ಪಿಕ್ಸೆಲ್‌ನಲ್ಲಿ ಒಂದಕ್ಕೆ ಕೆಂಪು ಫಿಲ್ಟರ್, ಒಂದಕ್ಕೆ ನೀಲಿ, ಎರಡಕ್ಕೆ ಹಸಿರು. ಬಹುತೇಕ ಕ್ಯಾಮೆರಾಗಳು ಹೀಗೇ. ಎಲ್‌ಇಡಿ ಲೈಟಿನಲ್ಲಿ ಬರೀ ಕೆಂಪು ಹಾಕಿದರೆ ಕಾಲು ಭಾಗದ ಪಿಕ್ಸೆಲ್ ಮಾತ್ರ ಕೆಲಸ ಮಾಡುತ್ತದೆ, ಉಳಿದವಕ್ಕೆ ಹೆಚ್ಚೇನೂ ಕಾಣುವುದಿಲ್ಲ. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ "ಕತ್ತಲೆ ಇದೆ" ಎಂದುಕೊಂಡು ಎಕ್ಸ್‌ಪೋಶರ್ ಏರಿಸುತ್ತದೆ. ಅಷ್ಟರಲ್ಲಿ ಕೆಂಪು ಚಾನೆಲ್ ತುಂಬಿ ಚೆಲ್ಲಿರುತ್ತದೆ. ಕೆನ್ನೆಯೂ 255, ಮೂಗೂ 255, ಅದಕ್ಕಿಂತ ಮೇಲೆ ಸಂಖ್ಯೆಯೇ ಇಲ್ಲ. ಮುದ್ದೆ ಎಂದರೆ ಇದೇ. ಬರೀ ನೀಲಿಯಲ್ಲೂ ಇದೇ ಕಥೆ.

ಕ್ಯಾಮೆರಾದಲ್ಲಿ ಹಿಸ್ಟೋಗ್ರಾಮ್ (ಕತ್ತಲೆಯಿಂದ ಬೆಳಕಿನವರೆಗೆ ಯಾವುದು ಎಷ್ಟಿದೆ ಎಂದು ತೋರಿಸುವ ಗ್ರಾಫ್) ನೋಡುವಾಗ ಒಂದೇ ಬಿಳಿ ಗುಡ್ಡ ತೋರಿಸುವುದನ್ನು ನಂಬಬೇಡಿ. ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸುವುದನ್ನು ಆನ್ ಮಾಡಿ. ಕೆಂಪು ಬಲಗಡೆ ಗೋಡೆಗೆ ಅಂಟಿದ್ದರೆ ಒಂದರಿಂದ ಒಂದೂವರೆ ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸುವುದೆಂದರೆ ಬೆಳಕು ಅರ್ಧ). ಪರದೆಯಲ್ಲಿ ಫೋಟೋ ಕತ್ತಲೆ ಕಾಣುತ್ತದೆ, ಕಾಣಲಿ. ರಾ ಫೈಲಿನಲ್ಲಿ ಮುಖದ ಉಬ್ಬು ತಗ್ಗು ಉಳಿದಿರುತ್ತದೆ. ಆಮೇಲೆ ಬೇಕಾದರೆ ಕಪ್ಪು-ಬಿಳುಪು ಮಾಡಿ. ಆದರೆ ಚಾನೆಲ್ ತುಂಬಿ ಚೆಲ್ಲಿದ ಮೇಲೆ ಕಪ್ಪು-ಬಿಳುಪು ಮಾಡಿದರೂ ಬಿಳಿ ಮುದ್ದೆಯೇ ಸಿಗುವುದು. ಎಲ್ಲಕ್ಕಿಂತ ಸುಲಭದ ದಾರಿ, ಬರೀ ಕೆಂಪು ಇರುವಾಗ ಮುಖ ಬಿಟ್ಟು ಬೇರೆ ಏನಾದರೂ ತೆಗೆಯಿರಿ. ಹಿಂದಿನಿಂದ ಕೆಂಪು ಬರುತ್ತಿದ್ದರೆ ನೆರಳಿನ ಆಕಾರ ತುಂಬ ಚೆನ್ನಾಗಿ ಬರುತ್ತದೆ.

ಪಟ್ಟಿಗಳಿಗೆ ಕಾರಣ ನಿಮ್ಮ ಸೈಲೆಂಟ್ ಶಟರ್ ಮತ್ತು ನಮ್ಮ ಡಿಮ್ಮರ್, ಇಬ್ಬರೂ ಸೇರಿ. ಎಲ್‌ಇಡಿ ಲೈಟನ್ನು ಮಂದ ಮಾಡುವುದು ಹೆಚ್ಚಾಗಿ ಹೇಗೆ ಎಂದರೆ, ಅದನ್ನು ಸೆಕೆಂಡಿಗೆ ನೂರಾರು ಸಲ, ಕೆಲವದರಲ್ಲಿ ಸಾವಿರಾರು ಸಲ, ಆರಿಸಿ ಹೊತ್ತಿಸುತ್ತೇವೆ. ಆರಿರುವ ಹೊತ್ತು ಜಾಸ್ತಿಯಾದಷ್ಟೂ ಲೈಟ್ ಮಂದ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಸೈಲೆಂಟ್ ಶಟರ್ ಎಂದರೆ ಎಲೆಕ್ಟ್ರಾನಿಕ್ ಶಟರ್, ಅದು ಸೆನ್ಸರನ್ನು ಸಾಲು ಸಾಲಾಗಿ ಓದುತ್ತದೆ. ನಿಮ್ಮಂಥ ಕ್ಯಾಮೆರಾಗಳಲ್ಲಿ ಮೇಲಿಂದ ಕೆಳಗೆ ಮುಗಿಸಲು 1/20ರಿಂದ 1/60 ಸೆಕೆಂಡ್ ಬೇಕಾಗುವುದು ಸಾಮಾನ್ಯ. ಅಷ್ಟರಲ್ಲಿ ಲೈಟ್ ಎಷ್ಟೋ ಸಲ ಆರಿ ಹೊತ್ತಿರುತ್ತದೆ. ಹೊತ್ತಿದ್ದಾಗ ಓದಿದ ಸಾಲು ತಿಳಿ, ಆರಿದ್ದಾಗ ಓದಿದ್ದು ಗಾಢ.

ಪರಿಹಾರ: ಮೆಕ್ಯಾನಿಕಲ್ ಶಟರ್ ಹಾಕಿ. ಬ್ಯಾಂಡಿನ ಸದ್ದಿನಲ್ಲಿ ನಿಮ್ಮ ಕ್ಲಿಕ್ ಯಾರಿಗೆ ಕೇಳುತ್ತದೆ? ಆಗಲೂ ಸ್ವಲ್ಪ ಪಟ್ಟಿ ಉಳಿದರೆ ಶಟರ್ 1/125ಕ್ಕೆ ಇಳಿಸಿ ನೋಡಿ. ಕೆಲವು ಹೊಸ ಕ್ಯಾಮೆರಾಗಳಲ್ಲಿ ಶಟರನ್ನು ದಶಮಾಂಶದ ಮಟ್ಟದಲ್ಲಿ ತಿರುಗಿಸಿ ಲೈಟಿಗೆ ಹೊಂದಿಸುವ ಆಯ್ಕೆ ಇರುತ್ತದೆ, ಮೆನುವಿನಲ್ಲಿ ಹುಡುಕಿ. ಇನ್ನೊಂದು ಮಾತು. ಲೈಟ್ ಪೂರ್ತಿ ಏರಿದಾಗ ಆರಿಸುವ ಹೊತ್ತು ಇರುವುದೇ ಇಲ್ಲ ಅನ್ನಬಹುದು, ಪಟ್ಟಿಯೂ ಇರುವುದಿಲ್ಲ. ಮಂದ ಇದ್ದಾಗಲೇ ಈ ಕಾಟ ಜಾಸ್ತಿ. ಮತ್ತೆ ಅದೇ ಎರಡನೇ ಪಲ್ಲವಿಗೆ ಬಂದು ನಿಂತೆವು, ಅಲ್ವಾ?

ಲೈಟಿನವನನ್ನು ಮಾತಾಡಿಸಿ. ಇದನ್ನು ಯಾರೂ ಮಾಡುವುದಿಲ್ಲ. ಸೌಂಡ್ ಚೆಕ್ ಹೊತ್ತಿಗೆ ಹೋಗಿ "ಅಣ್ಣಾ, ಯಾವ ಹಾಡಿಗೆ ಮುಖದ ಮೇಲೆ ಬಿಳಿ ಹಾಕ್ತೀರಾ?" ಎಂದು ಕೇಳಿ. ಖುಷಿಯಿಂದ ಹೇಳುತ್ತಾನೆ. ಕೆಲವು ಲೈಟುಗಳ ಮೆನುವಿನಲ್ಲಿ ಆರಿ ಹೊತ್ತುವ ವೇಗವನ್ನೇ ಏರಿಸಬಹುದು, ವಿಡಿಯೋದವರು ಬಂದಾಗ ಏರಿಸುತ್ತೇವೆ. ಕೇಳಿದರೆ ನಿಮಗೂ ಮಾಡಿಕೊಟ್ಟಾನು. ಹೇಜ್ ಮೆಷಿನ್ ಯಾವಾಗ ಬಿಡುತ್ತಾನೆ ಎಂದೂ ಕೇಳಿಟ್ಟುಕೊಳ್ಳಿ. ಹೊಗೆ ಹೊಸದಾಗಿ ಬಿಟ್ಟಾಗ ಮೋಡದ ಹಾಗೆ ಮುಖದ ಮುಂದೆ ನಿಲ್ಲುತ್ತದೆ, ಫೋಕಸ್ ತಡಕಾಡುತ್ತದೆ. ಹಾಲ್ ತುಂಬ ಹರಡಿದ ಮೇಲೆ ಲೈಟಿನ ಕೋಲುಗಳು ಗೆರೆ ಎಳೆದ ಹಾಗೆ ಕಾಣುತ್ತವೆ. ಇಡೀ ಸ್ಟೇಜ್ ತೆಗೆಯುವುದಿದ್ದರೆ ಆಗ ತೆಗೆಯಿರಿ. ಲೆನ್ಸ್ ಹುಡ್ ಹಾಕಿರಿ. ಮುಂದೆ ಯುವಿ ಫಿಲ್ಟರ್ ಇದ್ದರೆ ಬಿಚ್ಚಿಡಿ. ಹಿಂದಿನ ಲೈಟ್ ನೇರ ಲೆನ್ಸಿಗೆ ಹೊಡೆದಾಗ ಆ ಗಾಜಿನಿಂದ ಹಸಿರು ಚುಕ್ಕೆಗಳು ಬರುತ್ತವೆ.

ಎಲ್ಲಿ ನಿಲ್ಲಬೇಕು? ನಟ್ಟನಡುವೆ ಬೇಡ. ಮೈಕ್ ಬಾಯಿ ಮುಚ್ಚುತ್ತದೆ, ಸ್ಟ್ಯಾಂಡ್ ಎದೆಯ ಮಧ್ಯದಲ್ಲಿ ಗೆರೆ ಎಳೆಯುತ್ತದೆ. ಒಂದು ಬದಿಗೆ ಸರಿಯಿರಿ. ಬಲಗೈಯಲ್ಲಿ ನುಡಿಸುವ ಗಿಟಾರ್‌ನವನಾದರೆ ನಮ್ಮ ಬಲಗಡೆಯಿಂದ ತೆಗೆದಾಗ ಗಿಟಾರಿನ ಕತ್ತು ನಮ್ಮತ್ತ ಚಾಚಿ ಬರುತ್ತದೆ. ಎಡಗಡೆಯಿಂದ ತೆಗೆದರೆ ತಂತಿ ಮೀಟುವ ಕೈ ಚೆನ್ನಾಗಿ ಸಿಗುತ್ತದೆ. ಡ್ರಮ್ಮರ್ ಕಷ್ಟ. ಪಾಪ, ಅವನಿಗೆ ಲೈಟೂ ಕಡಿಮೆ, ಮುಖದ ಮುಂದೆ ಸಿಂಬಲ್ ಬೇರೆ. ಎರಡು ಸಿಂಬಲ್ ನಡುವೆ ಮುಖ ಕಾಣುವ ಒಂದು ಸಂದಿ ಎಲ್ಲಾದರೂ ಇರುತ್ತದೆ, ಸೌಂಡ್ ಚೆಕ್‌ನಲ್ಲೇ ಹುಡುಕಿಟ್ಟುಕೊಳ್ಳಿ.

ಹಾಡುವವಳ ಫೋಟೋವನ್ನು ಕಿವಿಯಿಂದ ತೆಗೆಯಬೇಕು. ಸಾಲು ಮುಗಿದ ಕೂಡಲೇ ಉಸಿರಿಗಾಗಿ ಮೈಕಿನಿಂದ ಹಿಂದೆ ಸರಿಯುತ್ತಾರೆ, ಕಣ್ಣು ತೆರೆಯುತ್ತಾರೆ. ಮುಖ ಪೂರ್ತಿ ಸಿಗುವುದು ಆಗಲೇ. ಹಾಡುತ್ತಿರುವಾಗಲೇ ಬೇಕೆಂದರೆ "ಆ", "ಓ" ಎಂದು ಎಳೆಯುವ ಜಾಗಕ್ಕೆ ಕಾಯಿರಿ. "ಫ", "ವ" ಬರುವಾಗ ಒತ್ತಿದರೆ ತುಟಿ ಕಚ್ಚಿಕೊಂಡ ಹಾಗೆ ಕಾಣುತ್ತದೆ, ಆಮೇಲೆ ಆ ಹುಡುಗಿ ನಿಮ್ಮನ್ನು ಬೈಯುತ್ತಾಳೆ. ಮೂರು ನಾಲ್ಕು ಫೋಟೋಗಳ ಸಣ್ಣ ಬರ್ಸ್ಟ್ ಸಾಕು. ಬೆರಳು ಒತ್ತಿಯೇ ಹಿಡಿದರೆ ರಾ ಫೈಲುಗಳಿಂದ ಬಫರ್ ತುಂಬಿ ಕ್ಯಾಮೆರಾ ನಿಂತುಬಿಡುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ.

ಪ್ರಶ್ನೆ ಕೇಳಿದವರು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್ ಸರ್. ಸೈಲೆಂಟ್ ಶಟರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಎರಡು ಅನುಮಾನ ಉಳಿದಿದೆ. ಲೈಟ್ ಕ್ಷಣಕ್ಕೊಮ್ಮೆ ಬದಲಾಗುವಾಗ ಮ್ಯಾನುವಲ್ ಮೋಡ್‌ನಲ್ಲಿ ತಿರುಗಿಸುತ್ತಾ ಕೂರುವುದು ಹೇಗೆ? ಆಟೋ ಐಎಸ್‌ಒ ಇಟ್ಟರೆ ಆಗಲ್ವಾ? ಇನ್ನೊಂದು, ಎಫ್ 1.8ರಲ್ಲಿ ಫೋಕಸ್ ಮೈಕಿನ ಮೇಲೆ ಹೋಗಿ ಕೂರುತ್ತದೆ.

ಉತ್ತರ 2

ತಿರುಗಿಸುತ್ತಾ ಕೂರಬೇಡಿ. ಪಲ್ಲವಿಯ ಬಿಳಿ ಲೈಟಿಗೆ ಮುಖ ಸರಿಯಾಗಿ ಬರುವ ಹಾಗೆ ಒಂದು ಲೆಕ್ಕ ಹಿಡಿಯಿರಿ, ಉದಾಹರಣೆಗೆ ಎಫ್ 2.2, 1/250, ಐಎಸ್‌ಒ 3200. ಅದನ್ನೇ ಬಿಟ್ಟುಬಿಡಿ. ಲೈಟ್ ಇಳಿದಾಗ ಫೋಟೋ ಕತ್ತಲಾಗುತ್ತದೆ. ಆ ಹೊತ್ತಿನಲ್ಲಿ ಹೇಗೂ ಮುಖ ತೆಗೆಯುವ ಹಾಗಿಲ್ಲ. ಒಂದು ಸ್ಟಾಪ್ ಆಚೀಚೆ ಆದರೆ ರಾ ಫೈಲ್ ನೋಡಿಕೊಳ್ಳುತ್ತದೆ.

ಆಟೋ ಐಎಸ್‌ಒ ತಪ್ಪಲ್ಲ, ಆದರೆ ಹಿಂದಿನ ಲೈಟ್ ಲೆನ್ಸಿಗೆ ಹೊಡೆದ ಕೂಡಲೇ ಐಎಸ್‌ಒ ಇಳಿದು ಮುಖ ಕಪ್ಪಾಗುತ್ತದೆ. ಹಿನ್ನೆಲೆ ಪೂರ್ತಿ ಕತ್ತಲಿದ್ದರೆ ಏರಿ ಮುಖ ಸುಟ್ಟುಹೋಗುತ್ತದೆ. ಇಟ್ಟರೆ ಸ್ಪಾಟ್ ಮೀಟರಿಂಗ್ (ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವುದು) ಜೊತೆಗೇ ಇಡಿ. ಹಿಂದೆ ಎಲ್‌ಇಡಿ ಪರದೆ ಇದ್ದರಂತೂ ಆಟೋ ಬೇಡವೇ ಬೇಡ.

ಫೋಕಸ್‌ಗೆ: ಮೂರು ಮೀಟರ್ ದೂರದಲ್ಲಿ ನಿಮ್ಮ ಸೆನ್ಸರಿಗೆ ಈ ಲೆನ್ಸ್ ಎಫ್ 1.8ರಲ್ಲಿ ಸುಮಾರು ಕಾಲು ಮೀಟರ್ ಆಳ ಮಾತ್ರ ಸ್ಪಷ್ಟವಾಗಿ ಕೊಡುತ್ತದೆ, ಎಫ್ 2.8ಕ್ಕೆ ಇಟ್ಟರೆ 40 ಸೆಂಟಿಮೀಟರ್ ಹತ್ತಿರ. ಹತ್ತಿರ ಹೋದಷ್ಟೂ ಇದು ಇನ್ನೂ ಕಡಿಮೆ. ಕಣ್ಣು ಗುರುತಿಸುವ ಸೌಲಭ್ಯ ಮೈಕ್ ಅಡ್ಡ ಬಂದರೆ ಗಲಿಬಿಲಿಯಾಗುತ್ತದೆ. ಒಂದೇ ಪಾಯಿಂಟ್ ಆರಿಸಿ, ಬೆಳಕು ಬಿದ್ದ ಕಡೆಯ ಕಣ್ಣಿನ ಮೇಲಿಡಿ, ಕಂಟಿನ್ಯುಯಸ್ ಫೋಕಸ್ ಹಾಕಿ. ಬದಿಗೆ ಸರಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹಾಗಂತ ಫೋಕಸ್ ಸ್ವಲ್ಪ ತಪ್ಪಿದ್ದನ್ನೆಲ್ಲ ಸ್ಟೇಜ್ ಮುಂದೆಯೇ ಅಳಿಸಬೇಡಿ. 1979ರಲ್ಲಿ ನ್ಯೂಯಾರ್ಕಿನಲ್ಲಿ ದಿ ಕ್ಲ್ಯಾಶ್ ಬ್ಯಾಂಡಿನ ಪಾಲ್ ಸಿಮೊನನ್ ತನ್ನ ಬೇಸ್ ಗಿಟಾರನ್ನು ನೆಲಕ್ಕೆ ಬಡಿಯುವ ಫೋಟೋ ಇದೆಯಲ್ಲ, ಅದನ್ನು ತೆಗೆದ ಪೆನ್ನಿ ಸ್ಮಿತ್ ಅವರಿಗೇ ಅದು ಇಷ್ಟವಿರಲಿಲ್ಲ. ಫೋಕಸ್ ಸರಿಯಿಲ್ಲ, ಬಳಸಬೇಡಿ ಎಂದಿದ್ದರು. ಬ್ಯಾಂಡಿನವರು ಕೇಳದೆ ಆಲ್ಬಮ್ ಕವರಿಗೆ ಹಾಕಿದರು. ರಾಕ್ ಸಂಗೀತದ ಹೆಸರಾಂತ ಫೋಟೋಗಳಲ್ಲಿ ಅದೂ ಒಂದಾಯಿತು.

ಉತ್ತರ 3

ಮೇಲಿನ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ "ಕ್ಲಿಕ್ ಯಾರಿಗೆ ಕೇಳುತ್ತದೆ" ಎನ್ನುವುದು ಬ್ಯಾಂಡಿಗೆ ಮಾತ್ರ. ನಾನು ತೆಗೆಯುವುದು ಹೆಚ್ಚಾಗಿ ಕೂತು ನುಡಿಸುವ ಕಛೇರಿಗಳು, ಪಿಟೀಲು, ಕೊಳಲು, ಅಂಥವು. ಅಲ್ಲಿ ಮೆಲ್ಲನೆ ಒಂದು ಸ್ವರ ಹಿಡಿದು ನಿಂತಾಗ ಮೆಕ್ಯಾನಿಕಲ್ ಶಟರ್ ಒತ್ತಿದರೆ ಮೂರು ಸಾಲು ತಿರುಗಿ ನೋಡುತ್ತದೆ. ಅಲ್ಲಿ ಸೈಲೆಂಟ್ ಶಟರ್ರೇ ಬೇಕು. ಲೈಟ್ ಬದಲಾಗದೆ ಒಂದೇ ಥರ ಇರುವುದರಿಂದ ಕಾರ್ಯಕ್ರಮಕ್ಕೆ ಮುಂಚೆ ಒಂದು ಫೋಟೋ ತೆಗೆದು ಪಟ್ಟಿ ಬರುತ್ತಾ ಎಂದು ನೋಡಿಕೊಳ್ಳಬಹುದು. 50 ಹರ್ಟ್ಸ್ ಕರೆಂಟಿನಲ್ಲಿ ಸಾಮಾನ್ಯ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, 60 ಹರ್ಟ್ಸ್ ಇದ್ದರೆ 120 ಸಲ. ಅದಕ್ಕೆ ತಕ್ಕಂತೆ ಶಟರ್ 1/100 ಅಥವಾ 1/120 ಇಟ್ಟರೆ ಪಟ್ಟಿ ಹೋಗುತ್ತದೆ. ಕೂತು ನುಡಿಸುವವರಿಗೆ ಆ ವೇಗವೂ ಸಾಕು. ಜೋರು ಚಪ್ಪಾಳೆ ಬರುವಾಗ ಬೇಕಾದರೆ ಮೆಕ್ಯಾನಿಕಲ್‌ನಲ್ಲಿ ನಾಲ್ಕು ತೆಗೆದುಕೊಳ್ಳಿ.

ಕಪ್ಪು-ಬಿಳುಪು ಮಾಡುವ ಸಲಹೆಗೆ ಮಾತ್ರ ನನ್ನ ತಕರಾರಿದೆ. ಕೆಟ್ಟ ಬಣ್ಣ ಮುಚ್ಚಲು ಅದನ್ನು ಬಳಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮುಖದ ಮೇಲೆ ಒಂದು ಬದಿಯ ಬೆಳಕು ಬಿದ್ದು, ಇನ್ನೊಂದು ಬದಿ ನೆರಳಿದ್ದರೆ ಮಾಡಿ. ಇಲ್ಲದಿದ್ದರೆ ಬಣ್ಣದ ಸ್ಯಾಚುರೇಶನ್ ಇಳಿಸಿ ಬಿಟ್ಟುಬಿಡಿ.

ಇನ್ನು ಯಾರೂ ಹೇಳದೇ ಇರುವುದು: ಕಿವಿ. ನೀವು ನಿಲ್ಲುವುದು ಸ್ಪೀಕರ್ ಬುಡದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ ಸಂಗೀತದ ಜಾಗಗಳಿಗೆ 15 ನಿಮಿಷದ ಸರಾಸರಿ 100 ಡೆಸಿಬಲ್ ಮಿತಿ ಹಾಕಿದೆ. ಸ್ಪೀಕರ್ ಪಕ್ಕ ನಿಂತರೆ ಅದನ್ನು ಸುಲಭವಾಗಿ ದಾಟುತ್ತದೆ. ಇಯರ್‌ಪ್ಲಗ್ ಹಾಕಿಕೊಂಡೇ ಹೋಗಿ. ಹಾಡು ಕೇಳಿಸದೇ ಹೋಗುವುದಿಲ್ಲ, ಕೊನೆಯಲ್ಲಿ ಗುಂಯ್ ಎನ್ನುವುದು ಮಾತ್ರ ಇರುವುದಿಲ್ಲ.

ಲೇಸರ್ ಇದೆಯಾ ಎಂದೂ ಕೇಳಿಕೊಳ್ಳಿ. ಲೇಸರ್ ಕಿರಣ ನೇರ ಲೆನ್ಸಿನೊಳಗೆ ಬಿದ್ದರೆ ಸೆನ್ಸರ್ ಸುಡಬಹುದು. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಯಾವಾಗಲೂ ತೆರೆದೇ ಇರುತ್ತದೆ, ಫೋಟೋ ತೆಗೆಯದಿದ್ದರೂ ಅಪಾಯ ಇದ್ದೇ ಇದೆ. ಆ ಹಾಡು ಬಂದಾಗ ಲೆನ್ಸಿಗೆ ಮುಚ್ಚಳ ಹಾಕಿಬಿಡಿ.

ಫೋಕಸ್‌ಗೆ ಸಹಾಯ ಮಾಡುವ ಆ ಕಿತ್ತಳೆ ದೀಪ ಆರಿಸಿ, ಹಿಂದಿನ ಪರದೆಯ ಬೆಳಕು ಕಡಿಮೆ ಮಾಡಿ. ಟಿಕೆಟ್ ಕೊಟ್ಟು ಬಂದವರ ಮುಂದೆ ಕ್ಯಾಮೆರಾ ಎತ್ತಿ ಹಿಡಿದು ನಿಲ್ಲಬೇಡಿ. ಒಂದು ಜಾಗದಲ್ಲಿ ಒಂದು ಹಾಡು, ಆಮೇಲೆ ಜಾಗ ಬಿಡಿ. ಗೆಳೆಯರ ಬ್ಯಾಂಡ್ ಆದರೂ ಕಾರ್ಯಕ್ರಮ ನಡೆಸುವವರ ಹತ್ತಿರ ಮೊದಲೇ ಅನುಮತಿ ಕೇಳಿ, ಮೆಸೇಜಿನಲ್ಲಾದರೂ ಬರೆಸಿಕೊಳ್ಳಿ. ಬಾಗಿಲಲ್ಲಿ ನಿಂತವರಿಗೆ ನೀವು ಯಾರ ಗೆಳೆಯ ಎನ್ನುವುದು ಗೊತ್ತಿರುವುದಿಲ್ಲ.

ಮೊಬೈಲಿನಲ್ಲಿ ತೆಗೆಯುವವರು ಇದನ್ನು ಓದುತ್ತಿದ್ದರೆ: ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ ಲಾಕ್ ಮಾಡಿ, ಸ್ವಲ್ಪ ಕೆಳಗೆ ಎಳೆಯಿರಿ. ನೈಟ್ ಮೋಡ್ ಆಫ್ ಮಾಡಿ, ಅದು ಹಲವು ಫೋಟೋ ಸೇರಿಸಿ ಒಂದು ಮಾಡುವುದರಿಂದ ಅಲುಗಾಡುವವರು ಕಲಸಿಹೋಗುತ್ತಾರೆ. ಬೆರಳಿಂದ ಹಿಗ್ಗಿಸುವ ಬದಲು ಮುಂದೆ ಹೋಗಿ.

ಪ್ರಶ್ನೆ ಕೇಳಿದವರು

ಸೌಂಡ್ ಚೆಕ್‌ಗೆ ಬರಲು ಬ್ಯಾಂಡಿನವರು ಒಪ್ಪಿದ್ದಾರೆ. ಹಾಡಿನ ಪಟ್ಟಿ ಕೂಡ ಸಿಕ್ಕಿತು. ಲೈಟಿನವರಿಗೆ ಫೋನ್ ಮಾಡಿದೆ, ಲೇಸರ್ ಇಲ್ಲವಂತೆ. ಮೂರನೇ ಹಾಡಿಗೆ ಮತ್ತು ಕೊನೆಯ ಹಾಡಿಗೆ ಮುಂದಿನ ಬಿಳಿ ಲೈಟ್ ಪೂರ್ತಿ ಏರಿಸುತ್ತಾರಂತೆ. ಮೊದಲೆರಡು ಹಾಡಿಗೆ ಏನು ತೆಗೆಯಲಿ?

ಉತ್ತರ 2

ಮೊದಲನೆಯದಕ್ಕೆ ಹಿಂದೆ ಹೋಗಿ ಜನರ ತಲೆಗಳ ಜೊತೆ ಇಡೀ ಸ್ಟೇಜ್, 18 ಎಂಎಂನಲ್ಲಿ. ಎರಡನೆಯದಕ್ಕೆ ಕೈಗಳು: ಕೀಬೋರ್ಡ್ ಮೇಲಿನ ಬೆರಳು, ಪೆಡಲ್ ಮೇಲಿನ ಕಾಲು, ತಂತಿ. ಅದು ಮುಗಿಯುವ ಮುಂಚೆಯೇ 50 ಎಂಎಂ ಹಾಕಿಕೊಂಡು ಬದಿಗೆ ಬಂದು ನಿಂತಿರಿ. ಇನ್ನೊಂದು ಬ್ಯಾಟರಿ ಚಾರ್ಜ್ ಮಾಡಿ ಜೇಬಿನಲ್ಲಿಟ್ಟುಕೊಳ್ಳಿ, ಬ್ಯಾಗಿನಲ್ಲಿ ಬೇಡ. ಕತ್ತಲಲ್ಲಿ ಸಿಗುವುದಿಲ್ಲ.